ಅಕ್ಕೋರ ಬಂದಿಶ್

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ದಿನಚರಿಯಲ್ಲಿ ವಾರ ಬರೆದಿದ್ದೇನೆ, ವರ್ಷ ಬರೆದಿಲ್ಲ. ಕಾರವಾರದ ಮಹಿಳಾ ಸಂಘವೊಂದು ಹೆಂಗಸರೇ ಕಟ್ಟಿದ ಹಿಂದೂಸ್ತಾನಿ ಬಂದಿಶ್‌ಗಳ ಕಾರ್ಯಕ್ರಮ ಇಟ್ಟುಕೊಂಡಿತ್ತು. ಹಾಡುವವರು ನನಗೆ ಸಂಗೀತ ಕಲಿಸಿದ ಭಾವಿಕೇರಿಯ ಅಕ್ಕೋರು. ನಿರೂಪಣೆ ನನ್ನದು, ಎಂ.ಎ. ಆದವಳು ಮಾತಾಡಬಲ್ಲಳು ಎಂದು ಸಂಘದವರು ನಂಬಿದ್ದರು.

ಅಕ್ಕೋರು ಐದು ಬಂದಿಶ್‌ಗಳ ಪಟ್ಟಿ ಕೊಟ್ಟರು. ನಾಲ್ಕರ ಮುಂದೆ ಕಟ್ಟಿದವರ ಹೆಸರಿತ್ತು. ಐದನೆಯದು ದೇಸ್ ರಾಗದ್ದು. ಅದರ ಮುಂದೆ ‘ಪಾರಂಪರಿಕ’ ಎಂದಿತ್ತು. ಹುಡುಗಿಯಾಗಿದ್ದಾಗ ನಾನೂ ಹಾಗೆಂದು ಬರೆದುಕೊಂಡೇ ಅದನ್ನು ಅವರಲ್ಲಿ ಕಲಿತಿದ್ದೆ.

ಸಂಘದ ಕಾರ್ಯದರ್ಶಿ ಬಾಯಿ ಪಟ್ಟಿಯಲ್ಲಿ ಅದರ ಮೇಲೆ ಗೆರೆ ಎಳೆದರು. ‘ಇದು ಬಿಡುದೇ. ಹೆಂಗಸು ಮಾಡಿದ್ದು ಅಂತ ಎಲ್ಲುಂಟು?’

ಸುದ್ದಿ ಹೇಳಲು ಭಾವಿಕೇರಿಗೆ ಹೋದೆ. ಅಕ್ಕೋರು ಬಂಗಡೆ ಮೀನು ಕೊಯ್ಯುತ್ತಿದ್ದರು.

‘ಅದೊಂದು ಬಿಡುದಿಲ್ಲ ತಂಗಿ.’

‘ಯಾರದ್ದು ಅಂತ ಹೇಳ್ಬೇಕಂತೆ ಅಕ್ಕೋರೇ.’

‘ನಂದು.’

ಕೊಯ್ಯುವುದು ನಿಲ್ಲಲಿಲ್ಲ.

‘ಮತ್ತೆ ನಮ್ಮ ಹತ್ರ ಪಾರಂಪರಿಕ ಅಂತ ಬರೆಸಿದ್ದು?’

‘ನಾನೇ ಮಾಡಿದ್ದು ಅಂದಿದ್ರೆ ನಿನ್ನ ಆಯಿ ಕ್ಲಾಸಿಗೆ ಕಳಿಸ್ತಿದ್ರಾ? ಹಳೇದು ಅಂದ್ರೆ ಎಲ್ಲರೂ ತಲೆ ಆಡಿಸ್ತ್ರು. ಈಗ ಅರವತ್ತಾಯ್ತು. ಒಂದ್ಸಲ ನಂದು ಅಂತ ಹೇಳಿ ಹಾಡ್ಬೇಕು.’

‘ಒಂದ್ಸಲ’ ಎಂಬುದು ಅವರ ಮಾತೋ, ಆಮೇಲೆ ನಾನು ಸೇರಿಸಿದ್ದೋ ಹೇಳಲಾರೆ. ‘ನಂದು’ ಎಂದದ್ದು ಮಾತ್ರ ಖಾತ್ರಿ.

ಸಂಘದ ಸಭೆಗೆ ಇಬ್ಬರೂ ಹೋದೆವು. ಸಂಗೀತ ಬಲ್ಲ ನಿವೃತ್ತ ಮಾಸ್ತರರೊಬ್ಬರು ಅಲ್ಲಿ ಸಲಹೆಗಾರರು.

‘ಅದನ್ನ ನಾನು ನಲವತ್ತು ವರ್ಷದ ಹಿಂದೆ ಧಾರವಾಡದಲ್ಲಿ ಕೇಳಿದ್ದೆ,’ ಎಂದರು.

‘ಆಗ ನಾನು ಸರಿಗಮ ಕಲೀತಿದ್ದೆ ಮಾಸ್ತರ್ರೇ.’

‘ಹಾಗಾದ್ರೆ ನಿಮ್ಮದಲ್ಲ ಅಂತಾಯ್ತಲ್ಲ.’

ಅಕ್ಕೋರೇ ಕಲಿಸಿದ್ದಕ್ಕೆ ಸಾಕ್ಷಿಯೆಂದು ನನ್ನ ಹಳೆಯ ನೋಟ್‌ಬುಕ್ ಒಯ್ದಿದ್ದೆ. ಮಾಸ್ತರರು ಕನ್ನಡಕ ಹಾಕಿಕೊಂಡು ಓದಿದರು. ‘ಪಾರಂಪರಿಕ. ಅಕ್ಷರ ಯಾರದ್ದು?’

‘ನಂದೇ,’ ಎಂದೆ.

ಕೊನೆಗೆ ಕಾರ್ಯದರ್ಶಿ ಬಾಯಿ ರಾಜಿ ಮಾಡಿಸಿದರು. ಕರಪತ್ರದಲ್ಲಿ ಅಚ್ಚಾದದ್ದು: ‘ದೇಸ್. ರಚನೆ: ಪಾರಂಪರಿಕ (ಸ್ತ್ರೀ)’.

ಕಾರ್ಯಕ್ರಮದ ಸಂಜೆ ನಾನು ಅದನ್ನೇ ಓದಬೇಕಿತ್ತು. ಮೈಕಿನಲ್ಲಿ ‘ದೇಸ್’ ಎಂದೆ, ‘ರಚನೆ’ ಎಂದೆ. ಅಕ್ಕೋರು ತಂಬೂರಿ ಮೀಟುತ್ತಲೇ ನನ್ನತ್ತ ನೋಡಿದರು. ‘ಈಗ ಹಾಡುವವರದೇ,’ ಎಂದೆ. ಮುಂದಿನ ಸಾಲಿನಲ್ಲಿ ಮಾಸ್ತರರು ಕರಪತ್ರ ತಿರುವಿ ಹಿಂಬದಿಯನ್ನೂ ನೋಡಿದರು.

ಚಪ್ಪಾಳೆ ಉಳಿದ ನಾಲ್ಕಕ್ಕಿಂತ ಕಡಿಮೆ ಬಿತ್ತು.

‘ನೋಡಿದ್ಯಾ, ನಂದು ಅಂದ ಕೂಡ್ಲೇ ಕಮ್ಮಿ ಆಯ್ತು,’ ಎಂದರು ಅಕ್ಕೋರು, ಊರಿಗೆ ಮರಳುವ ಅಂಕೋಲೆಯ ಬಸ್ಸಿನಲ್ಲಿ. ಬೇಸರವಾದಂತೆ ಕಾಣಲಿಲ್ಲ. ಬಿಣಗಾ ದಾಟುವಾಗ ನೋಟ್‌ಬುಕ್ ಕೇಳಿ ಪಡೆದು, ‘ಪಾರಂಪರಿಕ’ದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ತಮ್ಮ ಹೆಸರು ಬರೆದರು.

ಇವತ್ತು ತೆಗೆದು ನೋಡಿದೆ. ಹೊಡೆದು ಹಾಕಿದ ‘ಪಾರಂಪರಿಕ’ ಚೆನ್ನಾಗಿ ಓದಲು ಬರುತ್ತದೆ. ಹೆಸರು ಬಸ್ಸಿನ ಕುಲುಕಾಟದಲ್ಲಿ ಬರೆದದ್ದು, ಗೀಚಿದಂತಿದೆ. ಅದು ಅವರದೆಂದು ನಾನೇ ಹೇಳಬೇಕು.