ಬಿತ್ತುವ ಮೊದಲೇ ಕುಡಿದ ರಾಗಿ

ಹಳೆಯ ಬೀಜಗಳ ಸಂಶೋಧನೆಗೆಂದು ಕಂಪಾಲಾದಿಂದ ಬಂದಿದ್ದ ಡಾಕ್ಟರ್ ವಾಸ್ವಾ ಅಮೊಂಗಿನ್‌ಳ ಮನೆಯ ಬಿತ್ತನೆ ಸೋರೆಬುರುಡೆಯನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಮಾವಿನ ಮರದಡಿ ಊರೆಲ್ಲ ಸೇರಿತ್ತು. ಇದರೊಳಗಿನ ರಾಗಿ ಅಮೊಂಗಿನ್‌ಳ ಅಜ್ಜಿಯ ಅಜ್ಜಿ ಬಿತ್ತಿದ್ದು, ಇದರ ದಾಯಾದಿಗಳು ಸಾವಿರಾರು ವರ್ಷದ ಹಿಂದೆ ಈ ಸೀಮೆಗಳಿಂದ ಹೊರಟು ಸಮುದ್ರ ದಾಟಿ ಇಂಡಿಯಾ ಸೇರಿದವು, ಅಲ್ಲಿನವರೂ ನಮ್ಮ ಹಾಗೇ ಮುದ್ದೆ ಕಟ್ಟಿ ತಿನ್ನುತ್ತಾರೆ ಎಂದು ಭಾಷಣ ಮಾಡಿದರು.

"ತಗೊಂಡ ಬೀಜ ಅವರೂ ತಿರುಗಿ ಕೊಟ್ಟಿಲ್ಲ ತಾನೆ?" ಎಂದಳು ಅಮೊಂಗಿನ್.

ಡಾಕ್ಟರ್ ನಕ್ಕು ಬುರುಡೆಯ ಮುಚ್ಚಳ ತೆಗೆದು ಮೂಗಿಗೆ ಹಿಡಿದರು. ಇನ್ನೊಂದು ಸಲ ಹಿಡಿದರು. ಅಂಗೈಗೆ ಸುರಿದುಕೊಂಡರೆ ಒಂದೊಂದು ಕಾಳಿಗೂ ಒಣಗಿದ ಪುಟ್ಟ ಬಾಲ. ಮೊಳಕೆ ಬರಿಸಿ ಒಣಗಿಸಿದ ರಾಗಿ, ಹೆಂಡದ ಮಡಕೆಗೆ ಹಾಕುವಂಥದು. ಬಿತ್ತಿದರೆ ಜನ್ಮದಲ್ಲಿ ಹುಟ್ಟದು. ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಿಂದಿನ ಸಾಲಿನ ಗಂಡಸರು ಮಾತ್ರ ನಗಲಿಲ್ಲ. ಅಮೊಂಗಿನ್‌ಗೆ ಅನುಮಾನ ಬಂದದ್ದೇ ಆಗ.

ಹೊಲ ಉಳಲು ಬಂದ ನೆರೆಯವರಿಗೆ ಅಲ್ಲಿ ಕೂಲಿ ಕೊಡುವುದಿಲ್ಲ; ದೊಡ್ಡ ಮಡಕೆ ತುಂಬ ರಾಗಿ ಹೆಂಡ ಇಟ್ಟರೆ ಸುತ್ತ ಕೂತು ಉದ್ದುದ್ದ ಕೊಳವೆಯಲ್ಲಿ ಹೀರುತ್ತಾರೆ. ಈ ಸಲ ಮೊಳಕೆಗೆ ಕಾಳು ಸಾಲದೆ, ಗಂಡ ಓಲಿಂಗ ಒಲೆಯ ಹೊಗೆಯಲ್ಲಿ ತೂಗುಹಾಕಿದ್ದ ಬಿತ್ತನೆ ಬುರುಡೆಯನ್ನೇ ಇಳಿಸಿ ಸೊಸೆಯ ಕೈಗೆ ಕೊಟ್ಟಿದ್ದ. ಬುರುಡೆ ಬರಿದಾಗಿ ಕಾಣಬಾರದೆಂದು ಮಿಕ್ಕ ಮೊಳಕೆಯನ್ನು ಅದಕ್ಕೇ ತುಂಬಿ ಮೊದಲಿನ ಹಾಗೇ ತೂಗುಹಾಕಿದ್ದ.

"ನೀವೇ ಹೇಳಿದ್ದು ಅಂದ್ರು ಮಾವ, ತೊತೊ," ಎಂದಳು ಸೊಸೆ ಅಲುಪೊ. ತೊತೊ ಎಂದರೆ ಅವ್ವ. ಬೈಸಿಕೊಳ್ಳುವ ದಿನ ಅದನ್ನು ಸ್ವಲ್ಪ ಎಳೆದು ಹೇಳುವುದು ವಾಡಿಕೆ.

ಅಮೊಂಗಿನ್ ಗಂಡನ ಕಡೆ ತಿರುಗಿದಳು. "ಬಿತ್ತೋ ರಾಗಿ ಕುಡಿದು, ಬಿತ್ತೋ ಹೊಲ ಉತ್ತಿದ್ದೀಯ. ಈಗ ಅಲ್ಲಿ ಏನು ಬಿತ್ತಲಿ, ನಿನ್ನ ಕೊಳವೇನಾ?"

ಉಳುಮೆ ಚೆನ್ನಾಗಿಯೇ ಆಗಿದೆಯಲ್ಲ ಎಂದ ಓಲಿಂಗ. ಅದು ನಿಜವೂ ಆಗಿತ್ತು. ಅವಳ ಮೈಯೆಲ್ಲ ಉರಿದದ್ದು ಅದಕ್ಕೇ.

ಮಳೆಗೆ ಇನ್ನು ಎರಡು ವಾರವೂ ಇರಲಿಲ್ಲ. ಅಷ್ಟರೊಳಗೆ ಬೀಜ ಸಿಗದಿದ್ದರೆ ತಾಯಿಮನೆಯಿಂದ ಬಂದ ಆ ಕೆಂಪು ರಾಗಿ ಅವಳ ಮನೆಯಲ್ಲಿ ಅಲ್ಲಿಗೆ ಮುಗಿದಂತೆ. ಮದುವೆಯಾಗಿ ಊರು ಬಿಡುವ ಹುಡುಗಿಯರಿಗೆಲ್ಲ ಮೂವತ್ತು ವರ್ಷದಿಂದ ಅದನ್ನು ಬೊಗಸೆ ಬೊಗಸೆ ಕೊಟ್ಟವಳು ಅವಳು. ಕೊಡುವಾಗಲೆಲ್ಲ ಗೊಣಗಿದವಳೂ ಅವಳೇ. ಬಿತ್ತನೆ ಬೇಡಿದವರಿಗೆ ಇಲ್ಲವೆನ್ನಬಾರದು, ಹಾಗೆಂದರೆ ನಮ್ಮ ಹೊಲದಲ್ಲೂ ಹುಟ್ಟುವುದಿಲ್ಲ. ಸುಗ್ಗಿಯಾದ ಮೇಲೆ ಬುರುಡೆ ತುಂಬಿ ತಿರುಗಿ ಕೊಡಬೇಕೆಂಬ ಕಟ್ಟಳೆಯೂ ಇದೆ. ಮೊದಲನೆಯದು ಊರಿಗೆಲ್ಲ ಬಾಯಿಪಾಠ, ಎರಡನೆಯದು ಅಮೊಂಗಿನ್‌ಗೆ ಮಾತ್ರ. ಕಾಳು ತಿರುಗಿ ಬರುತ್ತಿರಲಿಲ್ಲ. ಕಾಳಜಿ ಧಾರಾಳವಾಗಿ ಬರುತ್ತಿತ್ತು.

ಹಿಂದೆ ಕೊಟ್ಟ ಬೀಜ ಹುಡುಕಿಕೊಂಡು, ನೋಯುವ ಸೊಂಟ ಹಿಡಿದುಕೊಂಡೇ ಹೊರಟಳು. ಮಗಳ ಮನೆಯಲ್ಲಿ ಕೆಂಪು ರಾಗಿ ಬಿಳಿಯದರ ಜತೆ ಸೇರಿ ಕುಲಗೆಟ್ಟಿತ್ತು. ನಾದಿನಿ ರಾಗಿ ಬಿಟ್ಟು ಮರಗೆಣಸು ಹಿಡಿದಿದ್ದಳು. ಅದೇ ಸುಲಭ ಅತ್ತಿಗೆ, ಕಳೆ ಕೀಳೋದೇ ಬೇಡ ಎಂದು ಉಪದೇಶವನ್ನೂ ಮಾಡಿದಳು. ತನ್ನ ಪಾಲಿನ ಬೀಜವನ್ನು ಅವಳು ಬುರುಡೆ ಸಮೇತ ಯಾರಿಗೋ ಕೊಟ್ಟಿದ್ದಳು, ಆ ಯಾರೋ ತಂಗಿಗೆ, ತಂಗಿ ಸರೋವರದ ಆಚೆಯವಳಿಗೆ. ಹಾಗೆ ದೋಣಿ ಹತ್ತಿ, ಭಾಷೆಯೇ ಬೇರೆಯಾದ ಲಾಂಗೊ ಜನರ ಊರಿನಲ್ಲಿ, ಅಡೊಂಗೊ ಎಂಬಾಕೆಯ ಅಂಗಳದಲ್ಲಿ ಹೋಗಿ ನಿಂತಳು.

ಅಲ್ಲಿ ಸೂರಿನಡಿ ತೆನೆಗಳ ಕಟ್ಟು ನೇತಾಡುತ್ತಿತ್ತು: ಅದೇ ಕೆಂಪು, ಮುಷ್ಟಿ ಬಿಗಿದಂಥ ಅದೇ ತೆನೆ. ಅಡೊಂಗೊ ಹೇಳಿದ್ದನ್ನು ದೋಣಿಯವನು ನಡುವೆ ನಿಂತು ತಿಳಿಸಿದ. ಇದು ತಲೆತಲಾಂತರದಿಂದ ನಮ್ಮ ಮನೆತನದ್ದು. ಪಾಪ, ಸರೋವರದಾಚೆ ನಿಮ್ಮಲ್ಲಿ ಇಂಥದು ಎಲ್ಲಿ ಬರಬೇಕು. ಕಾಳು ಉದುರಿಸಿ ತುಂಬಿಕೊಟ್ಟ ಬುರುಡೆಯ ತಳದಲ್ಲಿ ಮೂರು ಸುಟ್ಟ ಗೀಟುಗಳಿದ್ದವು. ಹನ್ನೆರಡು ವರ್ಷದ ಹಿಂದೆ ನಾದಿನಿಗೆ ಬೀಜ ತುಂಬಿಕೊಡುವಾಗ ಗುರುತಿಗೆಂದು ಆ ಗೀಟೆಳೆದದ್ದು ಅಮೊಂಗಿನ್ ಕೈ.

ಬಾಯಿಗೆ ಬಂದದ್ದನ್ನು ತಡೆದುಕೊಂಡಳು. ಸರೋವರದ ಮೇಲೆ ಮೋಡ ಕಟ್ಟಿತ್ತು.

"ಸುಗ್ಗಿ ಆದಮೇಲೆ ಬುರುಡೆ ತುಂಬಿ ವಾಪಸ್ ಕೊಡಬೇಕಂತೆ. ನಿಮ್ಮ ಕಡೆಯವರು ತಗೊಂಡದ್ದು ತಿರುಗಿ ಕೊಡೋದಿಲ್ಲವಂತೆ, ಮರೀಬೇಡಿ ಅಂತಾಳೆ," ಎಂದ ದೋಣಿಯವನು.

"ಕೊಡ್ತೀನಿ ಅನ್ನು," ಎಂದಳು ಅಮೊಂಗಿನ್. ಜೀವಮಾನದಲ್ಲಿ ಅವಳಿಗೆ ಅಷ್ಟು ಕಷ್ಟವಾದ ಮಾತು ಇನ್ನೊಂದಿರಲಿಲ್ಲ.

ಅವಳು ಮನೆ ಮುಟ್ಟಿದ ಮೂರನೆಯ ದಿನ ಮಳೆ ಬಿತ್ತು, ರಾಗಿಯೂ ಮಣ್ಣಿಗೆ ಬಿತ್ತು. ನಾಲ್ಕು ತಿಂಗಳಿಗೆ ಹೊಲವೆಲ್ಲ ಕೆಂಪಾಗಿ ನಿಂತಾಗ ಡಾಕ್ಟರ್ ವಾಸ್ವಾ ಮತ್ತೆ ಬಂದರು. ಧ್ವನಿಮುದ್ರಣದ ಯಂತ್ರವನ್ನು ಅವಳ ಮುಂದಿಟ್ಟು, ಇಷ್ಟು ಸಾವಿರ ವರ್ಷ ಈ ಬೀಜವನ್ನು ನಿಮ್ಮ ಹೆಂಗಸರು ಮನೆಯಲ್ಲಿ ಹೇಗೆ ಕಾಪಾಡಿಕೊಂಡು ಬಂದರು ಎಂದು ಭಕ್ತಿಯಿಂದ ಕೇಳಿದರು. ಓಲಿಂಗ ಅಲ್ಲೇ ಕೂತು ತನ್ನ ಕೊಳವೆ ಒರೆಸುತ್ತಿದ್ದ.

"ಮನೇಲಿ ಯಾರು ಕಾಪಾಡ್ತಾರೆ ಡಾಕ್ಟ್ರೇ? ಇಟ್ಟರೆ ಇವರು ಕುಡೀತಾರೆ ಅಂತಾನೇ ಊರಾಚೆ ಸಾಗಹಾಕೋದು."