ಒಂದೂಕಾಲು ಅಡಿ ಗೋಡೆ

ಹೋದ ತಿಂಗಳು ನಮ್ಮ ಬೀದಿಯಲ್ಲಿ ಉಳಿದಿದ್ದ ಕೊನೆಯ ಮಾಳಿಗೆ ಮನೆಯನ್ನು ಕೆಡವಿದರು. ಬೆಳಿಗ್ಗೆ ಯಂತ್ರ ಬಂತು, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಇರಲಿಲ್ಲ. ಧೂಳು ಏಳದಿರಲಿ ಎಂದು ಒಬ್ಬಾತ ಪೈಪು ಹಿಡಿದು ಮಣ್ಣಿನ ಗುಡ್ಡೆಯ ಮೇಲೆ ನೀರು ಬಿಟ್ಟ. ಆಗ ಎದ್ದಿತು ನೋಡಿ, ಆ ವಾಸನೆ. ಮೊದಲ ಮಳೆಗೆ ನೆನೆದ ನೆಲದ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ಇದು ಅದಲ್ಲ. ನೂರು ವರ್ಷ ನೆರಳಿನಲ್ಲೇ ಇದ್ದ ಮಣ್ಣು, ಒಲೆಯ ಹೊಗೆ ಕುಡಿದ ಜಂತೆ, ಪದರ ಪದರ ಸುಣ್ಣ, ಪುಡಿಯಾದ ಹೊಂಗೆ ಎಲೆ, ಎಲ್ಲ ಒಟ್ಟಿಗೆ ನೆನೆದ ವಾಸನೆ. ನಾನು ಮೂಗು ಮುಚ್ಚಿಕೊಂಡು ಒಳಗೆ ಬಂದು, ಧೂಳು ನನಗೆ ಆಗುವುದಿಲ್ಲ ಎಂದು ಹೆಂಡತಿಗೆ ಹೇಳಿ ಮಲಗಿಬಿಟ್ಟೆ. ಧೂಳಿಗೂ ನನಗೂ ಯಾವ ಜಗಳವೂ ಇಲ್ಲ. ಮೂವತ್ತೈದು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಮೇಷ್ಟ್ರು ನಾನು.

ಮುಳಬಾಗಿಲಿನ ಈ ಬೀದಿಯನ್ನು ನೀವು ಎಪ್ಪತ್ತರ ದಶಕದಲ್ಲಿ ನೋಡಬೇಕಿತ್ತು. ಬೀದಿಯ ಬಾಯಲ್ಲಿ ಶೆಟ್ಟರ ಮನೆ. ಅದರ ನೆತ್ತಿಯ ಮೇಲೆ ಗಾರೆಯಲ್ಲಿ ಮಾಡಿದ ಎರಡು ಗಿಳಿ, ನಡುವೆ ಗಜಲಕ್ಷ್ಮಿ. ಒಂದು ಗಿಳಿಯ ಕೊಕ್ಕು ನನ್ನ ಚೆಂಡು ತಗುಲಿ ಹೋದದ್ದು. ಆ ವಿಷಯ ಶೆಟ್ಟರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಆಮೇಲೆ ಸಾಲಾಗಿ ಮಾಳಿಗೆ ಮನೆಗಳು. ಎಲ್ಲಕ್ಕೂ ಮುಂದೆ ಜಗಲಿ, ಜಗಲಿಗೆ ಎರಡು ಮರದ ಕಂಬ, ಕಂಬದ ತಲೆಯ ಮೇಲೆ ಹೂವು ಕೆತ್ತಿದ ಬೋದಿಗೆ. ಗೋಡೆಯ ಕಲ್ಲು ಬೆಟ್ಟದ ಬುಡದ ಹಾಳು ಕೋಟೆಯಿಂದ ಗಾಡಿಯಲ್ಲಿ ಬಂದದ್ದೆಂದು ಹಿರಿಯರು ಹೇಳುತ್ತಿದ್ದರು. ಯಾರು ತಂದರು, ಯಾರನ್ನು ಕೇಳಿ ತಂದರು ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಚಾವಣಿಗೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹೊಂಗೆ ಸೊಪ್ಪು ಹಾಸಿ ಒಂದಡಿ ಮಣ್ಣು. ಬೇಸಗೆಯಲ್ಲಿ ಹೊರಗೆ ಬಂಡೆ ಸಿಡಿಯುವ ಬಿಸಿಲಿದ್ದರೂ ಒಳಗೆ ತಣ್ಣಗೆ ನಿದ್ದೆ ಬರುತ್ತಿತ್ತು.

ನಮ್ಮ ಸಾಲಿನಲ್ಲಿ ಹದಿಮೂರು ಮನೆ. ಮನೆಗೆ ಎರಡರಂತೆ ಇಪ್ಪತ್ತಾರು ಪಕ್ಕಗೋಡೆ ಇರಬೇಕು ತಾನೇ? ಇದ್ದದ್ದು ಹದಿನಾಲ್ಕು. ಎರಡು ಮನೆಯ ನಡುವೆ ಒಂದೇ ಗೋಡೆ, ಎರಡೂವರೆ ಅಡಿ ದಪ್ಪ. ಈ ಮನೆಯ ತೊಲೆಯೂ ಅದರ ಮೇಲೆ, ಆ ಮನೆಯ ತೊಲೆಯೂ ಅದರ ಮೇಲೆ. ಗೋಡೆಯೊಳಗೆ ಎರಡೂ ಮನೆಯ ತೊಲೆಗಳ ತುದಿಗಳು ಒಂದರ ಪಕ್ಕ ಒಂದು ಮಲಗಿರುತ್ತಿದ್ದವು. ಸ್ವಂತ ಗೋಡೆ ಎಂಬುದು ಇದ್ದದ್ದು ಸಾಲಿನ ಎರಡು ತುದಿಯ ಮನೆಗಳಿಗೆ, ಅದೂ ಒಂದೊಂದೇ.

ಹೀಗಿದ್ದರಿಂದ ಬೀದಿಯಲ್ಲಿ ಒಂದು ಕಟ್ಟಳೆ ಇತ್ತು. ನಡುಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಆಚೆ ಮನೆಗೆ ಕೂಗಿ ಹೇಳಬೇಕು. ಆಚೆ ಬದಿಯ ಗೂಡಿನಲ್ಲಿ ದೀಪ ಇರಬಹುದು, ಉಪ್ಪಿನಕಾಯಿ ಜಾಡಿ ಇರಬಹುದು. ನಮ್ಮಮ್ಮ ಕ್ಯಾಲೆಂಡರು ತೂಗುಹಾಕುವ ದಿನ ಹಿತ್ತಿಲಿಗೆ ಹೋಗಿ, "ಮೊಳೆ ಹೊಡೀತೀವಿ ಕಣೇ ಲಕ್ಷ್ಮೀ" ಎಂದು ಕೂಗುತ್ತಿದ್ದಳು. ಆಚೆಯಿಂದ ಲಕ್ಷ್ಮಕ್ಕ, "ತಡೀರಿ ಅತ್ತೆಮ್ಮಾ, ಜಾಡಿ ಇಳಿಸ್ತೀನಿ" ಎನ್ನುತ್ತಿದ್ದರು. ಒಂದು ನಿಮಿಷವಾದ ಮೇಲೆ, "ಊಂ, ಹೊಡ್ಕೊಳ್ಳಿ." ಆಮೇಲೆಯೇ ಸುತ್ತಿಗೆ ಎತ್ತುವುದು.

ಲಕ್ಷ್ಮಕ್ಕ, ಅವರ ಯಜಮಾನರು ಮುನಿಶಾಮಣ್ಣ, ಇಬ್ಬರು ಮಕ್ಕಳು, ಇದು ಪಕ್ಕದ ಮನೆ. ಅವರಿಗೆ ಕೆರೆಯ ಕೆಳಗೆ ಒಂದು ತುಂಡು ರೇಷ್ಮೆ ಸೊಪ್ಪಿನ ತೋಟ. ಪಡಸಾಲೆ ತುಂಬ ಹುಳುವಿನ ತಟ್ಟೆಗಳು. ರೇಷ್ಮೆ ಹುಳು ಬಲು ಸೂಕ್ಷ್ಮ. ಸೆಕೆಯಾದರೆ ಆಗದು, ಕಾರದ ಘಾಟು ಆಗದು. ಅಂಥ ಸಂಸಾರಕ್ಕೆ ಮಾಳಿಗೆ ಮನೆಯ ತಂಪೇ ಆಧಾರ. ಮುನಿಶಾಮಣ್ಣ ಮಾತು ಕಡಿಮೆಯ ಮನುಷ್ಯ. ವರ್ಷಕ್ಕೊಂದು ಸಲ, ಮಳೆಗೆ ಮುಂಚೆ, ಮಾಳಿಗೆ ಹತ್ತಿ ಹೊಸದಾಗಿ ಚೌಳು ಮಣ್ಣು ಹಾಕಿ ತುಳಿಯುತ್ತಿದ್ದರು. ಆ ಮಣ್ಣು ಗಟ್ಟಿಯಾದರೆ ನೀರು ಇಳಿಯುವುದಿಲ್ಲ. ಹಾಗೆ ಹತ್ತಿದಾಗ ಕೇಳದೆಯೇ ನಮ್ಮ ಮಾಳಿಗೆಯನ್ನೂ ನಾಲ್ಕು ಹೆಜ್ಜೆ ತುಳಿದು ಇಳಿಯುತ್ತಿದ್ದರು. ನಮ್ಮಪ್ಪ ತೀರಿಹೋದ ಮೇಲೆ ಅದನ್ನು ಒಂದು ವರ್ಷವೂ ತಪ್ಪಿಸಲಿಲ್ಲ.

ಎಂಬತ್ತರ ದಶಕದ ಮೊದಲಿಗೆ ನನಗೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿತು, ಮದುವೆ ಗೊತ್ತಾಯಿತು. ಹುಡುಗಿ ಮಾಲೂರಿನವಳು. ಮಾಲೂರಿನಲ್ಲಿ ಇಟ್ಟಿಗೆ ಗೂಡುಗಳಿವೆಯಲ್ಲ. ಹೆಣ್ಣು ನೋಡಿಕೊಂಡು ಬರುವಾಗಲೇ ಇಟ್ಟಿಗೆಯನ್ನೂ ನೋಡಿಕೊಂಡು ಬಂದೆ. ಮಣ್ಣಿನ ಮನೆಗೆ ಹೆಂಡತಿಯನ್ನು ಕರೆತರುವುದು ಓದಿದವನಿಗೆ ಅವಮಾನ ಎಂದು ನನ್ನ ತಲೆಗೆ ಹೊಕ್ಕಿತ್ತು. ಕೆಡವಿ ಆರ್‌ಸಿಸಿ ಹಾಕಬೇಕು. ಗ್ರಾಫ್ ಹಾಳೆಯಲ್ಲಿ ನಾನೇ ನಕ್ಷೆ ಬರೆದೆ. ಎಷ್ಟು ಸಲ ಬರೆದರೂ, ಹೊಸ ಇಟ್ಟಿಗೆ ಗೋಡೆಯ ಜಾಗ ಕಳೆದು, ಮಲಗುವ ಕೋಣೆ ಎಂಟು ಮುಕ್ಕಾಲು ಅಡಿ ಅಗಲವೇ ಬರುತ್ತಿತ್ತು. ಹತ್ತಡಿ ಇಲ್ಲದ ಕೋಣೆ ಕೋಣೆಯೇ? ಆಗ ಹೊಳೆಯಿತು: ನಡುಗೋಡೆ ಎರಡೂವರೆ ಅಡಿ, ಅದರಲ್ಲಿ ಅರ್ಧ ನಮ್ಮದು. ಒಂದೂಕಾಲು ಅಡಿ. ಉದ್ದಕ್ಕೂ ಸೀಳಿ ನಮ್ಮ ಪಾಲು ತೆಗೆದುಕೊಂಡರೆ ಕೋಣೆ ಸರಿಯಾಗಿ ಹತ್ತಡಿ. ಗಣಿತ ಕಲಿತವನಿಗೆ ಅದಕ್ಕಿಂತ ಸುಲಭದ ಭಾಗಾಕಾರ ಇನ್ನೊಂದಿಲ್ಲ.

ಕೆಲಸಕ್ಕೆ ಗಾರೆ ಯಲ್ಲಪ್ಪನನ್ನು ಕರೆಸಿದೆ. ಬೀದಿಯ ಅರ್ಧ ಮನೆಗಳನ್ನು ಅವನ ಅಪ್ಪ, ತಾತ ಕಟ್ಟಿದ್ದು. ದಾರ ಹಿಡಿದು ಗೋಡೆಯ ನಡುಮಧ್ಯಕ್ಕೆ ಗೆರೆ ತೋರಿಸಿದೆ. ಅವನು ಗೋಡೆಯನ್ನು ಕೈಯಿಂದ ತಟ್ಟಿ, ನನ್ನ ಕಡೆ ತಿರುಗಿ ತೆಲುಗಿನಲ್ಲಿ, "ಇದಿ ಒಕ್ಕ ಗೋಡ ಸಾಮಿ, ರೆಂಡು ಕಾದು" ಎಂದ. ಇದು ಒಂದು ಗೋಡೆ, ಎರಡಲ್ಲ. ನನಗೆ ಅರ್ಥವಾಗಲಿಲ್ಲವೆಂದು ಕನ್ನಡದಲ್ಲೂ ಬಿಡಿಸಿ ಹೇಳಿದ. "ಈ ಮೊಕಕ್ಕೊಂದು ಕಲ್ಲಿನ ಸಾಲು, ಆ ಮೊಕಕ್ಕೊಂದು ಸಾಲು, ನಡುವೆ ಬರೀ ಚೂರುಕಲ್ಲು ಮಣ್ಣು. ಎರಡನ್ನೂ ಹಿಡ್ಕೊಂಡಿರೋದು ಅಡ್ಡಗಲ್ಲು. ನೀವು ಸೀಳಿದ್ರೆ ಅಡ್ಡಗಲ್ಲು ಹೋಯ್ತು. ಮಳೆ ಹಿಡೀತಂದ್ರೆ ಆ ಕಡೇದು ಹೊಟ್ಟೆ ಬಿಟ್ಕೊಂಡು ಒಳಕ್ಕೆ ಬೀಳ್ತೈತೆ. ಆ ಯಮ್ಮನಿಗೆ ಹೇಳ್ಬಿಡಿ ಮೇಷ್ಟ್ರೇ."

"ಹೇಳ್ತೀನಿ" ಎಂದೆ.

ಅಂದು ಸಂಜೆಯೇ ಪಕ್ಕದ ಮನೆಗೆ ಹೋದೆ. ಲಕ್ಷ್ಮಕ್ಕ ಸೊಪ್ಪು ಹೆಚ್ಚುತ್ತಿದ್ದರು. ಮುನಿಶಾಮಣ್ಣ ತಟ್ಟೆಗಳನ್ನು ಸರಿಸುತ್ತಿದ್ದರು. ಗೋಡೆಯ ಅರ್ಧ ಪಾಲಿನ ಮಾತು ತೆಗೆದೆ. ಮುನಿಶಾಮಣ್ಣ ಹೆಂಡತಿಯ ಮುಖ ನೋಡಿದರು. ಲಕ್ಷ್ಮಕ್ಕ ಕುಡುಗೋಲು ಕೆಳಗಿಟ್ಟು ಕೇಳಿದರು:

"ನಿಮ್ಮ ಪಾಲು ನೀನು ತಗೋತೀಯ, ಬೇಡ ಅನ್ನಕ್ಕೆ ನಾವ್ಯಾರು. ಮಿಕ್ಕಿದ್ದು ನಿಲ್ತೈತೇನಪ್ಪಾ?"

ಅವರು ಯಲ್ಲಪ್ಪನನ್ನು ಕೇಳಬಹುದಿತ್ತು. ಕೇಳಲಿಲ್ಲ. ನಾನು ಓದಿದವನು, ಅವರ ಮಗಳಿಗೆ ಕೈ ಹಿಡಿದು ಮಗ್ಗಿ ಬರೆಸಿದವನು.

"ನಿಲ್ತೈತೆ ಅಕ್ಕ" ಎಂದೆ.

ಅಷ್ಟೇ. ಈ ಒಂದು ಮಾತನ್ನು ನಾನು ಎಷ್ಟೋ ಬಗೆಯಲ್ಲಿ ಸಮರ್ಥಿಸಿಕೊಂಡಿದ್ದೇನೆ. ಯಲ್ಲಪ್ಪ ಹಳೇ ಕಾಲದವನು, ಎಲ್ಲಕ್ಕೂ ಹೆದರಿಸುತ್ತಾನೆ. ನಾನು ಕಟ್ಟುವ ಇಟ್ಟಿಗೆ ಗೋಡೆ ಆತುಕೊಳ್ಳುತ್ತದೆ. ಹೇಳಿದರೆ ಸುಮ್ಮನೆ ಗಾಬರಿಯಾಗುತ್ತಾರೆ. ಹೀಗೆಲ್ಲ. ನಿಜ ಇಷ್ಟೇ: ಹೇಳಿದರೆ ಎಲ್ಲಿ ಬೇಡ ಎನ್ನುತ್ತಾರೋ, ಎಲ್ಲಿ ನನ್ನ ಹತ್ತಡಿ ಕೈತಪ್ಪುತ್ತದೋ ಎಂದು ಭಯವಾಗಿತ್ತು. ಒಂದು ಮೊಳೆಗೂ ಕೂಗಿ ಹೇಳುತ್ತಿದ್ದ ಮನೆಯ ಮಗ, ಇಡೀ ಗೋಡೆ ಸೀಳುವಾಗ ಬಾಯಿ ಮುಚ್ಚಿಕೊಂಡೆ.

ಸೀಳುವ ವಾರ ಅವರ ಹುಳುಗಳಿಗೆ ಧೂಳು ಬೀಳದಂತೆ ಲಕ್ಷ್ಮಕ್ಕ ತಮ್ಮ ಸೀರೆಗಳನ್ನೆಲ್ಲ ಒದ್ದೆ ಮಾಡಿ ಪಡಸಾಲೆಯ ಸುತ್ತ ಕಟ್ಟಿದ್ದರು. ನಮ್ಮ ಜಲ್ಲಿ, ಮರಳು ಬೀದಿಯುದ್ದಕ್ಕೂ ಬಿದ್ದಿದ್ದರಿಂದ ಚೌಳು ಮಣ್ಣಿನ ಗಾಡಿ ಒಳಗೆ ಬರಲಾಗದೆ, ಮುನಿಶಾಮಣ್ಣ ಆ ವರ್ಷ ಮಾಳಿಗೆಗೆ ಮಣ್ಣು ಹಾಕಲಿಲ್ಲ. "ಮುಂದಿನ್ ವರ್ಷ ಹಾಕಿದ್ರಾಯ್ತು ಬಿಡು" ಎಂದರು. ನಮ್ಮ ಇಟ್ಟಿಗೆ ಗೋಡೆ ಎದ್ದಿತು. ಅದಕ್ಕೂ ಅವರ ಅರ್ಧ ಗೋಡೆಗೂ ನಡುವೆ ನಾಲ್ಕು ಬೆರಳಿನ ಸಂದು ಉಳಿಯಿತು. ಹೊಸ ಮನೆಯಲ್ಲಿ ಮದುವೆಯಾಯಿತು. ಹೋಳಿಗೆಗೆ ಹೂರಣ ರುಬ್ಬಿದವರು ಲಕ್ಷ್ಮಕ್ಕನೇ.

ಹಿಂಗಾರಿನಲ್ಲಿ ಸೋನೆ ಹಿಡಿಯಿತು. ಆರೇಳು ದಿನ ಬಿಡಲಿಲ್ಲ. ಆ ಸಂದಿನಲ್ಲಿ ನೀರು ಇಳಿದು ಸೀಳಿದ ಗೋಡೆಯ ಹಸಿ ಮೈಯೆಲ್ಲ ಕುಡಿಯಿತು. ಒಂದು ಬೆಳಿಗ್ಗೆ ನಾನು ತರಗತಿಯಲ್ಲಿದ್ದಾಗ ಜವಾನ ಬಂದು ಕರೆದ. ಓಡಿಬಂದೆ. ಯಲ್ಲಪ್ಪ ಹೇಳಿದ ಹಾಗೆಯೇ ಗೋಡೆ ಒಳಮುಖವಾಗಿ ಬಿದ್ದಿತ್ತು. ತೊಲೆಗಳು ಜಾರಿ, ಒಂದಡಿ ಮಣ್ಣಿನ ಮಾಳಿಗೆ ಪೂರ್ತಿ ಕುಸಿದು ಕೂತಿತ್ತು. ಯಾರಿಗೂ ಏನೂ ಆಗಲಿಲ್ಲ. ಸೊಪ್ಪು ತರಲು ಎಲ್ಲರೂ ತೋಟಕ್ಕೆ ಹೋಗಿದ್ದರು. ಹುಳುಗಳು ಗೂಡು ಕಟ್ಟಲು ಎರಡು ದಿನ ಇತ್ತಂತೆ. ಮುನಿಶಾಮಣ್ಣ ಮಳೆಯಲ್ಲೇ ನಿಂತು ಮಣ್ಣಿನಿಂದ ಒಂದೊಂದೇ ತಟ್ಟೆ ಎಳೆದು ನೋಡುತ್ತಿದ್ದರು. ನಾನು ಕೊಡೆ ಹಿಡಿಯಲು ಹೋದೆ, ಅವರು ಬೇಡವೆಂದು ಕೈ ಆಡಿಸಿದರು.

ನಮ್ಮಮ್ಮ ಅವರನ್ನು ಕೈ ಹಿಡಿದು ಎಳೆದುಕೊಂಡು ಬಂದು ನಮ್ಮ ಮನೆಯಲ್ಲೇ ಇಟ್ಟುಕೊಂಡಳು. ಯಾವ ಕೋಣೆಯಲ್ಲಿ ಅಂತೀರಿ? ಅದೇ ಹತ್ತಡಿ ಕೋಣೆಯಲ್ಲಿ. ಒಂದೂವರೆ ತಿಂಗಳು ಆ ನಾಲ್ವರೂ ಅಲ್ಲೇ ಮಲಗಿದರು. "ರೂಮು ಬಲೇ ವಿಶಾಲವಾಗಿ ಕಟ್ಸಿದೀಯ ಕಣಪ್ಪ" ಎಂದು ಲಕ್ಷ್ಮಕ್ಕ ಒಂದು ದಿನ ಹೇಳಿದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಮನಸ್ಸಿನಿಂದಲೇ ಹೇಳಿದ್ದು. ಆ ದಿನ ನಾನು ಊಟ ಮಾಡಲಿಲ್ಲ.

ಆಮೇಲೆ ಜಾಗ ಮಾರಿ, ಲಕ್ಷ್ಮಕ್ಕನ ತವರಾದ ಬೈರಕೂರಿಗೆ ಹೊರಟುಹೋದರು. ಜಾಗದಲ್ಲಿ ಗೊಬ್ಬರದ ಅಂಗಡಿ ಬಂತು. ಬೀದಿಯಲ್ಲಿ ಒಬ್ಬರನ್ನು ನೋಡಿ ಒಬ್ಬರು ಕೆಡವಿದರು, ಎಲ್ಲರಿಗೂ ಸ್ವಂತ ಗೋಡೆಗಳಾದವು. "ಏನ್ ಮಳೆ ಅಂತೀಯ ಆ ವರ್ಷ" ಎಂದು ಯಾರಾದರೂ ಅಂದರೆ ನಾನೂ "ಹೌದು, ಏನ್ ಮಳೆ" ಎನ್ನುತ್ತಿದ್ದೆ. ತಪ್ಪನ್ನೆಲ್ಲ ಮಳೆಯ ತಲೆಗೆ ಕಟ್ಟಿ ನಲವತ್ತು ವರ್ಷ ನೆಮ್ಮದಿಯಾಗಿ ಕಳೆದೆ, ಪಾಠ ಮಾಡಿದೆ, ಪಿಂಚಣಿ ತೆಗೆದುಕೊಂಡೆ. ಯಲ್ಲಪ್ಪ ಸತ್ತ, ಅಮ್ಮ ಹೋದಳು, ಮುನಿಶಾಮಣ್ಣನೂ ಹೋದರು. ಅವರ ಮಣ್ಣಿಗೆ ಹೋಗಿದ್ದೆ. ಹೂವಿನ ಹಾರ ಹಾಕಿ, ತಲೆ ತಗ್ಗಿಸಿ ನಿಂತು, ಬಸ್ಸು ಹಿಡಿದು ವಾಪಸು ಬಂದೆ.

ಹೋದ ತಿಂಗಳ ಆ ವಾಸನೆ ಮೂರು ದಿನವಾದರೂ ಮೂಗಿನಿಂದ ಹೋಗಲಿಲ್ಲ. ನಾಲ್ಕನೆಯ ದಿನ ಹೆಂಡತಿಗೆ ಎಲ್ಲವನ್ನೂ ಹೇಳಿ ಬೈರಕೂರಿನ ಬಸ್ಸು ಹತ್ತಿದೆ. ಲಕ್ಷ್ಮಕ್ಕನಿಗೆ ಈಗ ಎಂಬತ್ತು ದಾಟಿದೆ. ಮಗನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದರು. ಧ್ವನಿ ಕೇಳಿದ ಕೂಡಲೇ ಗುರುತು ಹಿಡಿದು, ಸೊಸೆಗೆ ಕಾಫಿ ಮಾಡೆಂದು ಕೂಗಿದರು. ಕಾಫಿ ಬರುವವರೆಗೂ ತಡೆದರೆ ಧೈರ್ಯ ಹೋಗುತ್ತದೆಂದು ನಾನು ಕೂತವನೇ ಹೇಳಿಬಿಟ್ಟೆ.

ಸುಲಿಯುತ್ತಿದ್ದ ಕೈ ನಿಂತಿತು.

"ಯಲ್ಲಪ್ಪ ಹಂಗಂದಿದ್ನಾ?"

"ಹೌದಕ್ಕ."

"ನಿಲ್ತೈತಾ ಅಂತ ನಾನ್ ಕೇಳಿದ್ನಲ್ಲ."

"ಕೇಳಿದ್ರಿ. ನಿಲ್ತೈತೆ ಅಂದೆ. ಗೊತ್ತಿದ್ದೇ ಅಂದೆ."

ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು. ಆಮೇಲೆ ನಿಧಾನವಾಗಿ, "ಹೇಳಿದ್ದಿದ್ರೆ ಬೇಡ ಅಂತಿದ್ನೇನೋ ನಾನು?" ಎಂದರು. "ಮದುವೆ ಗಂಡು ನೀನು, ರೂಮು ಬೇಕು ಅಂತಿದ್ದೆ. ತಗೋ ಅಂತಲೇ ಅಂತಿದ್ದೆ. ತೊಲೆ ಕೆಳಗೆ ಎರಡು ಕಲ್ಲುಕಂಬ ನಿಲ್ಲಿಸ್ಕೋತಿದ್ವಿ. ಟೇಕಲ್ ಕ್ವಾರಿ ಕಲ್ಲು, ಎರಡೇ ಎರಡು. ಗೋಡೆ ಹೋಗಿದ್ರೂ ಮಾಳಿಗೆ ನಿಲ್ತಿತ್ತು."

ಗಣಿತದ ಮೇಷ್ಟ್ರಿಗೆ ಇದು ನಲವತ್ತು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಎರಡು ಕಂಬ ಸಾಕಿತ್ತು. ಅದಕ್ಕೆ ಮೊದಲು ಒಂದು ನಿಜ ಸಾಕಿತ್ತು. ಬೈಯಿರಿ ಅಕ್ಕ ಎಂದೆ. ಅವರು ನನ್ನ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಅವರನ್ನ ಅಂದ್ಬಿಟ್ಟೆ ಕಣೋ" ಎಂದರು. "ಆ ವರ್ಷ ಮಾಳಿಗೆಗೆ ಮಣ್ಣು ಹಾಕಲಿಲ್ಲ, ಅದಕ್ಕೇ ಮನೆ ಬಿತ್ತು, ಸೋಮಾರಿ ಅಂತ. ಒಂದ್ಸಲ ಅಲ್ಲ, ಮಳೆ ಬಂದಾಗೆಲ್ಲ ಅಂತಿದ್ದೆ. ಸಾಯೋವರ್ಗೂ ಅಂದೆ. ಅವರು ಒಂದ್ ಮಾತೂ ಆಡ್ತಿರಲಿಲ್ಲ. ತಮ್ದೇ ತಪ್ಪು ಅಂದ್ಕೊಂಡೇ ಹೋದ್ರು."

ಸೊಸೆ ಕಾಫಿ ತಂದಿಟ್ಟು ನಮ್ಮಿಬ್ಬರ ಮುಖ ನೋಡಿ ಒಳಗೆ ಹೋದಳು. ಲಕ್ಷ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಏಳು" ಎಂದರು. ಹೊರಟುಹೋಗು ಎನ್ನುತ್ತಿದ್ದಾರೆಂದು ಚೀಲ ಎತ್ತಿಕೊಂಡೆ. ಅದಲ್ಲ. ಎದುರು ಗೋಡೆಯ ಮೇಲೆ ಮುನಿಶಾಮಣ್ಣನ ಫೋಟೋ ಇತ್ತು. ಅದರ ಕಡೆ ಕೈ ತೋರಿಸಿದರು.

"ನನಗೆ ಹೇಳಿದ್ದು ಆಯ್ತು. ಬೈಯೋದಿದ್ರೆ ಆಮೇಲೆ ಬೈತೀನಿ. ಅವರ ಮುಂದೆ ನಿಂತ್ಕೊಂಡು ಹೇಳು."

ಹುಡುಗರನ್ನು ಎದ್ದು ನಿಲ್ಲಿಸಿ ಪಾಠ ಒಪ್ಪಿಸಿಕೊಂಡೇ ಕಾಲ ಕಳೆದವನು ನಾನು. ಚೀಲ ಕೆಳಗಿಟ್ಟು ಫೋಟೋದ ಮುಂದೆ ಕೈಕಟ್ಟಿ ನಿಂತೆ. "ಮುನಿಶಾಮಣ್ಣ" ಎಂದೆ. ಧ್ವನಿ ಸಣ್ಣದಾಗಿತ್ತು.

"ಗಟ್ಟಿಯಾಗಿ ಹೇಳು" ಎಂದರು ಹಿಂದಿನಿಂದ ಲಕ್ಷ್ಮಕ್ಕ. "ಅವರಿಗೆ ಕಿವಿ ಸ್ವಲ್ಪ ಮಂದ."

ಗಟ್ಟಿಯಾಗಿ, ಮೊದಲಿನಿಂದ ಹೇಳಿದೆ.