ಸವಳಂಗದಲ್ಲಿ ಹೆಸರು ಹೇಳುವ ಶಾಸ್ತ್ರ

ಸವಳಂಗದಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಎದುರಿನ ಮನೆಗೆ ಹೊಸ ಸೊಸೆ ಬಂದಿದ್ದಳು. ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲವೆಂದು ನಾದಿನಿ ಬಾಗಿಲಿಗೆ ಕೈ ಅಡ್ಡ ಹಿಡಿದಿದ್ದಳು.

“ಹೇಳ್ರೀ ಅತ್ಗಿ, ಇಷ್ಟು ನಾಚಿಕೆ ಯಾಕೆ?”

ಸೊಸೆ “ಮ... ಮ...” ಎಂದು ತಡೆದಳು. ಯಾರೋ ನಕ್ಕರು. ಅವಳ ಕಣ್ಣು ತುಂಬಿತು. ಅದು ನಾಚಿಕೆಯಲ್ಲ, ಉಗ್ಗು ಎಂದು ನನಗೆ ಆಗ ತಿಳಿಯಿತು.

ಒಳಗಿದ್ದ ಅತ್ತೆ ಹೊಸ್ತಿಲು ದಾಟಿ ಹೊರಗೆ ಬಂದು ಸೊಸೆಯ ಪಕ್ಕ ನಿಂತರು.

“ನನ್ನ ಜೊತೆ ಹಾಡಿದಂಗೆ ಹೇಳವ್ವ.”

ಇಬ್ಬರೂ ಸೋಬಾನೆಯ ಧಾಟಿಯಲ್ಲಿ “ಮಂಜುನಾಥ” ಎಂದರು. ಒಂದಕ್ಷರವೂ ತಡವರಿಸಲಿಲ್ಲ.

“ಅವ್ವ, ನೀನ್ಯಾಕೆ ಹೇಳ್ದೆ? ಇದು ಮೋಸ!” ಎಂದಳು ನಾದಿನಿ.

“ನಾನು ಈ ಬಾಗಿಲಿಗೆ ಬಂದಾಗ ಜೊತೆಗೆ ಯಾರೂ ನಿಂತಿರಲಿಲ್ಲ. ಜರುಗೇ,” ಎಂದರು ಅತ್ತೆ.

ಸೊಸೆ ಅಕ್ಕಿಯ ಸೇರನ್ನು ಮೆಲ್ಲಗೆ ಒದ್ದಳು. ಕೈ ಕೈ ಹಿಡಿದು ಇಬ್ಬರೂ ಬಲಗಾಲಿಟ್ಟು ಒಳಗೆ ಹೋದರು.